ಲೆಕ್ಕಕ್ಕೆ ಸಿಗದ ಅಲಿ ದಾಯಿ

2021ರ ಸೆಪ್ಟೆಂಬರ್ 1ರಂದು ಪೋರ್ಚುಗಲ್‌ನ ರೊನಾಲ್ಡೊ ಐರ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದರು. ಪುರುಷರ ಫುಟ್‌ಬಾಲ್‌ನಲ್ಲಿ ದೇಶದ ಪರವಾಗಿ ಅತಿ ಹೆಚ್ಚು ಗೋಲು ಗಳಿಸಿದವರ ಪಟ್ಟಿಯಲ್ಲಿ ಅದುವರೆಗೆ ಮೊದಲಿದ್ದ ಹೆಸರು ಅಂದು ಎರಡನೆಯದಾಯಿತು. ಆ ಹೆಸರು ಇರಾನಿನ ಅಲಿ ದಾಯಿ ಅವರದು. ಆಗಿನ ಲೆಕ್ಕದಲ್ಲಿ 109 ಗೋಲು. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ಇರುವುದೂ ಇದೇ ಪಟ್ಟಿಯಲ್ಲಿ, ಸ್ವಲ್ಪ ಕೆಳಗೆ.

ದಾಯಿ ಹುಟ್ಟಿದ್ದು 1969ರಲ್ಲಿ, ಇರಾನಿನ ವಾಯವ್ಯ ಮೂಲೆಯ ಅರ್ದಬೀಲ್‌ನಲ್ಲಿ. ಅದು ಚಳಿಯ ಊರು, ಅಜೇರಿ ಮಾತಾಡುವ ಜನ. ಟೆಹರಾನಿನ ಶರೀಫ್ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಓದಿದರು. ಅಲ್ಲಿ ಸೀಟು ಸಿಗುವುದೆಂದರೆ ನಮ್ಮಲ್ಲಿ ಐಐಟಿಗೆ ಸೇರಿದಂತೆ. ಓದಿನ ಜೊತೆಗೇ ಆಟವೂ ನಡೆಯಿತು: ಟ್ಯಾಕ್ಸಿ ಸಂಸ್ಥೆಯ ತಂಡ, ಆಮೇಲೆ ಬ್ಯಾಂಕಿನ ತಂಡ, ಕೊನೆಗೆ ಲಕ್ಷಾಂತರ ಅಭಿಮಾನಿಗಳ ಪರ್ಸೆಪೊಲಿಸ್.

1996ರ ಏಷ್ಯಾ ಕಪ್ ಕ್ವಾರ್ಟರ್ ಫೈನಲ್. ಎದುರಾಳಿ ದಕ್ಷಿಣ ಕೊರಿಯಾ. ಅರ್ಧ ಆಟ ಮುಗಿದಾಗ ಇರಾನ್ 1–2ರಿಂದ ಹಿಂದಿತ್ತು. ಉಳಿದರ್ಧದಲ್ಲಿ ದಾಯಿ ಒಬ್ಬರೇ ನಾಲ್ಕು ಗೋಲು ಹೊಡೆದರು. ಇರಾನ್ 6–2ರಿಂದ ಗೆದ್ದಿತು. ದುರ್ಬಲ ತಂಡಗಳ ಮೇಲೆ ಗೋಲು ಪೇರಿಸಿಕೊಂಡವರು ಎಂದು ಮೂಗು ಮುರಿಯುವವರಿದ್ದಾರೆ. ನೂರನೆಯ ಗೋಲು ಬಂದದ್ದು ಲಾವೋಸ್ ವಿರುದ್ಧ, ನಿಜ. ವಿಶ್ವಕಪ್‌ನಲ್ಲಿ ಒಂದನ್ನೂ ಹೊಡೆಯಲಿಲ್ಲ, ಅದೂ ನಿಜ. ಆದರೆ ಕೊರಿಯಾದ ಆ ದಿನವನ್ನು ಯಾರು ಅಳಿಸುತ್ತಾರೆ?

ನನ್ನನ್ನು ಕೇಳಿದರೆ, ಅವರ ಬಹು ದೊಡ್ಡ ಕೆಲಸ ಗೋಲುಗಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. 1997ರ ನವೆಂಬರ್ 29, ಮೆಲ್ಬರ್ನ್. ವಿಶ್ವಕಪ್‌ಗೆ ಉಳಿದಿದ್ದ ಕಡೆಯ ಸ್ಥಾನಕ್ಕಾಗಿ ಆಸ್ಟ್ರೇಲಿಯದೊಡನೆ ಎರಡನೇ ಪಂದ್ಯ. ಟೆಹರಾನಿನ ಮೊದಲ ಪಂದ್ಯ 1–1. ಇಲ್ಲಿ ಕಾಲು ಗಂಟೆ ಬಾಕಿಯಿರುವಾಗ ಇರಾನ್ 0–2ರಿಂದ ಸೋಲುತ್ತಿತ್ತು. ಕರೀಂ ಬಾಘೇರಿ ಒಂದು ಗೋಲು ತಂದರು. ಕೆಲವೇ ನಿಮಿಷಗಳಲ್ಲಿ ದಾಯಿ ಚೆಂಡನ್ನು ಖೊದಾದಾದ್ ಅಜೀಜಿಯ ಓಟಕ್ಕೆ ಸರಿಯಾಗಿ ಮುಂದೆ ತಳ್ಳಿದರು. ಅಜೀಜಿ ಗೋಲು ಹೊಡೆದರು, 2–2. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮದಿಂದ, 20 ವರ್ಷಗಳ ಬಳಿಕ ಇರಾನ್ ವಿಶ್ವಕಪ್ ಸೇರಿತು. ಟೆಹರಾನಿನ ಬೀದಿಗಳಲ್ಲಿ ಜನ ಕುಣಿದರು. ತಂಡ ಮರಳಿದ ದಿನ, ಪುರುಷರ ಪಂದ್ಯ ನೋಡಲು ಹೆಣ್ಣುಮಕ್ಕಳನ್ನು ಬಿಡದಿದ್ದ ಆಜಾದಿ ಕ್ರೀಡಾಂಗಣಕ್ಕೆ ಸಾವಿರಾರು ಹೆಂಗಸರು ನುಗ್ಗಿದರು.

ದಾಯಿ ಆ ಹೊತ್ತಿಗಾಗಲೇ ಜರ್ಮನಿ ಸೇರಿದ್ದರು: ಬೀಲೆಫೆಲ್ಡ್, ನಂತರ ಬಾಯರ್ನ್ ಮ್ಯೂನಿಕ್, ಹೆರ್ತಾ ಬರ್ಲಿನ್. 1999ರಲ್ಲಿ ಚೆಲ್ಸಿಯನ್ನು ಹೆರ್ತಾ 2–1ರಿಂದ ಮಣಿಸಿದಾಗ ಎರಡೂ ಗೋಲು ದಾಯಿಯವರವೇ. ಅದೇ ವರ್ಷ ಏಷ್ಯಾದ ಶ್ರೇಷ್ಠ ಆಟಗಾರ ಪ್ರಶಸ್ತಿ. 2007ರಲ್ಲಿ ಸೈಪಾ ತಂಡವನ್ನು ಆಟಗಾರ ಹಾಗೂ ತರಬೇತುದಾರರಾಗಿ ಲೀಗ್ ಗೆಲ್ಲಿಸಿ ಬೂಟು ಬಿಚ್ಚಿಟ್ಟರು.

ಮಾತನ್ನು ಮಾತ್ರ ಬಿಡಲಿಲ್ಲ. 2022ರಲ್ಲಿ ಪೊಲೀಸ್ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರ ಇರಾನಿನಲ್ಲಿ ಎದ್ದ ಪ್ರತಿಭಟನೆಗಳನ್ನು ಬೆಂಬಲಿಸಿದ್ದಕ್ಕೆ ಅವರ ಪಾಸ್‌ಪೋರ್ಟ್ ಕೆಲಕಾಲ ಕಿತ್ತುಕೊಳ್ಳಲಾಯಿತು. ಅಂಗಡಿ, ಹೋಟೆಲುಗಳಿಗೆ ಬೀಗ ಬಿತ್ತು. ಡಿಸೆಂಬರಿನಲ್ಲಿ ಹೆಂಡತಿ, ಮಗಳು ದುಬೈಗೆ ಹೊರಟಿದ್ದ ವಿಮಾನವನ್ನು ಇರಾನಿನದೇ ಆದ ಕೀಶ್ ದ್ವೀಪದಲ್ಲಿ ಇಳಿಸಿ, ಅವರಿಬ್ಬರನ್ನೂ ಅಲ್ಲೇ ತಡೆಯಲಾಯಿತು.