ಕೆಲವೊಮ್ಮೆ ಮಾತ್ರ ಸ್ಟಾರ್ಟ್ ಆಗದ ಕಾರು
(ಸದಸ್ಯರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)





ಪ್ರತಿ ಸಲ ಇಲ್ಲಿ ಇಖಾಮಾ, ಇನ್ಶೂರೆನ್ಸ್, ಊರಿಗೆ ಹಣ ಕಳುಹಿಸುವುದು, ಇಂಥ ವಿಷಯಗಳನ್ನೇ ಮಾತಾಡುತ್ತೇವೆ. ಈ ಸಲ ಕಾರಿನ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಸಂಘದವರು ಕೇಳಿದರು. ನಾವು ಲೆಕ್ಕ ಬರೆಯುವವರು, ಗ್ಯಾರೇಜಿನವರಲ್ಲ. ಆದರೆ ಸದಸ್ಯರು ತಿಂಗಳ ಖರ್ಚಿನ ಚೀಟಿಗಳನ್ನು ತಂದು ತೋರಿಸುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದೇ ಕಾರಿಗೆ ಮೊದಲು ಬ್ಯಾಟರಿ, ಆಮೇಲೆ ಡೈನಮೋ, ಆಮೇಲೆ ಸೆಲ್ಫ್ ಮೋಟಾರ್. ಮೂರನ್ನೂ ಬದಲಾಯಿಸಿಯಾಗಿದೆ, ಕಾಯಿಲೆ ಮಾತ್ರ ಹಾಗೆಯೇ ಇದೆ. ಹತ್ತು ಸಲ ಸ್ಟಾರ್ಟ್ ಆಗುತ್ತದೆ, ಹನ್ನೊಂದನೇ ಸಲ ಕೈ ಕೊಡುತ್ತದೆ.

ಇದು ಸಣ್ಣ ವಿಷಯ ಅಲ್ಲ. ಜುಬೈಲಿನಲ್ಲಿ ಕೆಲಸ, ದಮ್ಮಾಮಿನಲ್ಲಿ ವಾಸ ಅಂತ ಇರುವವರು ನಮ್ಮಲ್ಲಿ ಎಷ್ಟೋ ಮಂದಿ. ಹೋಗಲು ಸುಮಾರು 100 ಕಿಲೋಮೀಟರ್, ಬರಲು ಅಷ್ಟೇ. ಒಂದು ಕಾರಿನಲ್ಲಿ ಐದು ಜನ. ಬೆಳಿಗ್ಗೆ ಐದು ಗಂಟೆಗೆ ಆ ಕಾರು ಎದ್ದೇಳದಿದ್ದರೆ ಐದು ಜನರ ಹಾಜರಿ ಹೋಯಿತು. ಆ ತಿಂಗಳು ಐದು ಮನೆಗಳಿಗೆ ಹೋಗುವ ಹಣದಲ್ಲಿ ಅಷ್ಟು ಕಮ್ಮಿ. ಗ್ಯಾರೇಜಿನವರು ಅಂದಾಜಿನಲ್ಲಿ ಬದಲಾಯಿಸಿದ ಸಾಮಾನಿನ ಖರ್ಚು ಅದರ ಮೇಲೆ.

ಪೂರ್ತಿ ಕೆಟ್ಟುಹೋದ ಕಾರು ಸುಲಭ. ಅದು ಗ್ಯಾರೇಜಿನಲ್ಲೂ ಕೆಟ್ಟೇ ಇರುತ್ತದೆ, ಮೆಕ್ಯಾನಿಕ್ ನೋಡಿ ಹುಡುಕುತ್ತಾನೆ. ಕೆಲವೊಮ್ಮೆ ಮಾತ್ರ ಕೈ ಕೊಡುವ ಕಾರು ಗ್ಯಾರೇಜಿನ ಎದುರು ಒಳ್ಳೆಯ ಹುಡುಗನ ಹಾಗೆ ಒಂದೇ ಕೀಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಏನು ಮಾಡಬೇಕು ಮಾರಾಯ್ರೇ? ಅವನಿಗೆ ತೋಚಿದ್ದನ್ನು ಹೇಳುತ್ತಾನೆ. ಈ ಬಿಸಿಲಿನ ದೇಶದಲ್ಲಿ ಮೊದಲು ತೋಚುವುದು ಬ್ಯಾಟರಿಯೇ.

ನಮ್ಮ ಲೆಕ್ಕದ ಕೆಲಸದಲ್ಲೂ ಇಂಥದ್ದೇ ಒಂದು ತಲೆನೋವಿದೆ. ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ ಒಂದು ತಿಂಗಳು ವ್ಯತ್ಯಾಸ ಬರುತ್ತದೆ, ಮುಂದಿನ ತಿಂಗಳು ಬರುವುದಿಲ್ಲ, ಮತ್ತೆ ಬರುತ್ತದೆ. ಅದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಚ್ಚಿದರೆ ವ್ಯತ್ಯಾಸ ಹೋಗುವುದಿಲ್ಲ. ಯಾವ ತಾರೀಕು, ಎಷ್ಟು ಮೊತ್ತ, ಯಾವ ಪಾರ್ಟಿ ಅಂತ ಬರೆದಿಡಬೇಕು. ನಾಲ್ಕೈದು ಸಲ ಬರೆದ ಮೇಲೆ ಅದು ತಾನಾಗಿಯೇ ಸಿಕ್ಕಿಬೀಳುತ್ತದೆ. ಕಾರಿಗೂ ಅದೇ ದಾರಿ. ಸಾಮಾನು ಬದಲಾಯಿಸುವ ಮೊದಲು ಬರೆಯಿರಿ. ಇವತ್ತಿನ ಮಾತಿನ ಸಾರ ಇಷ್ಟೇ.

ಏನು ಬರೆಯಬೇಕು? ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ಪುಸ್ತಕ ಇಡಿ. ಸ್ಟಾರ್ಟ್ ಆಗದ ಪ್ರತಿ ಸಲ ಐದು ವಿಷಯ ಗುರುತು ಮಾಡಿ. ತಾರೀಕು ಮತ್ತು ಗಂಟೆ. ಎಂಜಿನ್ ಬಿಸಿ ಇತ್ತೋ ತಣ್ಣಗಿತ್ತೋ. ಕಾರು ಎಷ್ಟು ಹೊತ್ತು ನಿಂತಿತ್ತು. ಕೀ ತಿರುಗಿಸಿದಾಗ ಯಾವ ಶಬ್ದ ಬಂತು, ಲೈಟು ಹೇಗಿತ್ತು. ಕೊನೆಗೆ ಏನು ಮಾಡಿದ ಮೇಲೆ ಸ್ಟಾರ್ಟ್ ಆಯಿತು. ಪಾಲಿನಲ್ಲಿ ಓಡಿಸುವ ಕಾರಾದರೆ ಯಾರು ಓಡಿಸಿದರೂ ಬರೆಯಲೇಬೇಕು.

ಈ ಐದರಲ್ಲಿ ಶಬ್ದ ಬಹಳ ಮುಖ್ಯ. ಅದರಿಂದಲೇ ಕಾಯಿಲೆಯನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು, ಕೀ ತಿರುಗಿಸಿದಾಗ ಟಕ ಟಕ ಟಕ ಅಂತ ಬೇಗ ಬೇಗ ಶಬ್ದ, ಲೈಟು ಮಂಕು. ಅಥವಾ ಎಂಜಿನ್ ತುಂಬಾ ನಿಧಾನ ತಿರುಗುವುದು. ಇಲ್ಲಿ ಕರೆಂಟ್ ಸಾಲುತ್ತಿಲ್ಲ. ಬ್ಯಾಟರಿ ಬಲ ಇಲ್ಲದಿರಬಹುದು, ಅಥವಾ ಬ್ಯಾಟರಿಯ ಕ್ಲಾಂಪ್ ಸಡಿಲವಾಗಿರಬಹುದು, ಹುಡಿ ಹಿಡಿದಿರಬಹುದು. ಒಂದು ಸಾದಾ ಮಲ್ಟಿಮೀಟರ್ ತೆಗೆದಿಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಖಾಲಿಯ ಹತ್ತಿರ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ ಅಂತ ಅರ್ಥ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಅಳೆಯಿರಿ, 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ.

ಒಂದು ಸೂಕ್ಷ್ಮ ಇದೆ. ಮೀಟರಿನ ಕಡ್ಡಿಯನ್ನು ಮೊದಲು ಬ್ಯಾಟರಿಯ ಸೀಸದ ಗೂಟಕ್ಕೆ ಮುಟ್ಟಿಸಿ ಅಳೆಯಿರಿ, ಆಮೇಲೆ ಅದನ್ನು ಹಿಡಿದಿರುವ ಕ್ಲಾಂಪಿಗೆ ಮುಟ್ಟಿಸಿ. ಸೆಲ್ಫ್ ಹೊಡೆಯುವಾಗ ಎರಡರ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಕೆಟ್ಟಿರುವುದು ಬ್ಯಾಟರಿಯಲ್ಲ, ಜೋಡಣೆ. ಕ್ಲಾಂಪ್ ಬಿಚ್ಚಿ, ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು, ಒರೆಸಿ ಬಿಗಿ ಮಾಡಿದರೆ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಇಲ್ಲಿನ ಬಿಸಿಲಿಗೆ ಬ್ಯಾಟರಿ ಬೇಗ ಸಾಯುವುದು ಸುಳ್ಳಲ್ಲ. ಶಾಖಕ್ಕೆ ಒಳಗಿನ ನೀರು ಆರುತ್ತದೆ, ತಗಡುಗಳು ಬೇಗ ಸವೆಯುತ್ತವೆ. ಎರಡು ವರ್ಷ ದಾಟಿದ ಬ್ಯಾಟರಿಯನ್ನು ಅನುಮಾನಿಸುವುದು ಸರಿಯೇ. ಆದರೆ ಅನುಮಾನ ಬೇರೆ, ಸಾಕ್ಷಿ ಬೇರೆ. ಲೋಡ್ ಟೆಸ್ಟ್ ಮಾಡಿಸಿ, ಆಮೇಲೆ ದುಡ್ಡು ಬಿಚ್ಚಿ.

ಎರಡನೆಯದು, ಲೈಟು ಪ್ರಕಾಶಮಾನವಾಗಿದೆ, ಕೀ ತಿರುಗಿಸಿದರೆ ಒಂದೇ ಸಲ ಟಕ್, ಅಥವಾ ಏನೂ ಶಬ್ದವಿಲ್ಲ. ಊರಿನ ಭಾಷೆಯಲ್ಲಿ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಏನೂ ಶಬ್ದ ಇಲ್ಲದಿದ್ದರೆ, ಆಟೋಮ್ಯಾಟಿಕ್ ಕಾರಾದರೆ, ಬ್ರೇಕ್ ಒತ್ತಿ ಹಿಡಿದು ಗೇರನ್ನು ನ್ಯೂಟ್ರಲ್‌ಗೆ ತಂದು ನೋಡಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗಿ ಪಾರ್ಕಿನಲ್ಲಿ ಆಗದಿದ್ದರೆ ಗೇರಿನ ಸ್ಥಾನ ತಿಳಿಸುವ ಸ್ವಿಚ್ಚಿನ ತೊಂದರೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಬ್ರೇಕ್ ಲೈಟ್ ಉರಿಯುತ್ತದೆಯಾ ನೋಡಿ. ಬ್ರೇಕಿನ ಸ್ವಿಚ್ ಕೆಲಸ ಮಾಡದಿದ್ದರೆ ಬಟನ್ ಕೇಳುವುದಿಲ್ಲ. ಕೀಯ ಒಳಗಿನ ಸಣ್ಣ ಬ್ಯಾಟರಿ ಮುಗಿದಿದ್ದರೂ ಹಾಗೆಯೇ. ಹೆಚ್ಚಿನ ಕಾರುಗಳಲ್ಲಿ ಕೀಯನ್ನು ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಟಕ್ ಅಂತ ಒಂದೇ ಶಬ್ದ ಬಂದರೆ ಸೆಲ್ಫ್ ಮೋಟಾರ್ ಅಥವಾ ಅದರ ವಯರ್.

ಮೂರನೆಯದು, ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಇಲ್ಲಿ ಬ್ಯಾಟರಿ, ಸೆಲ್ಫ್ ಎರಡನ್ನೂ ಬಿಟ್ಟುಬಿಡಿ. ಪೆಟ್ರೋಲ್ ಬರುತ್ತಿಲ್ಲ, ಅಥವಾ ಕಿಡಿ ಬರುತ್ತಿಲ್ಲ. ತುಂಬಾ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಗುಂಯ್ ಅಂತ ಕೇಳುತ್ತದೆ, ಅದು ಪೆಟ್ರೋಲ್ ಪಂಪ್. ಯಾವಾಗಲೂ ಕೇಳುವ ಶಬ್ದ ಆ ದಿನ ಇಲ್ಲದಿದ್ದರೆ ಪಂಪ್ ಅಥವಾ ಅದರ ರಿಲೇ. ಡ್ಯಾಶ್‌ಬೋರ್ಡಿನಲ್ಲಿ ಕೀಯ ಗುರುತಿನ ದೀಪ ಮಿಣುಕುತ್ತಿದ್ದರೆ ಕಾರು ಕೀಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಬಿಸಿ ಎಂಜಿನ್ ಆಫ್ ಮಾಡಿ, ನಮಾಝ್ ಮುಗಿಸಿ ಬಂದಾಗ ಹತ್ತಿಕೊಳ್ಳದೆ, ಅರ್ಧ ಗಂಟೆ ಬಿಟ್ಟರೆ ಸರಿಯಾಗುತ್ತದೆ ಅಂತಾದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡಿ. ಬಿಸಿಗೆ ಕೈಬಿಟ್ಟು ತಣ್ಣಗಾದಾಗ ಸರಿಯಾಗುವುದು ಅದರ ಹಳೆಯ ಚಾಳಿ. ಎಚ್ಚರಿಕೆ ದೀಪ ಉರಿಯದಿದ್ದರೂ ಸ್ಕ್ಯಾನರ್ ಹಾಕಿಸಿ, ಹಿಂದಿನ ತಪ್ಪಿನ ಕೋಡ್ ಒಳಗೆ ಉಳಿದಿರಬಹುದು.

ಇನ್ನು ಒಂದು ಉದಾಹರಣೆ. ನಮ್ಮ ಕಟ್ಟಡದ ಐವರು ಪಾಲಿನಲ್ಲಿ ಓಡಿಸುವ ಹಳೆಯ ಕಾರು. ವಾರಕ್ಕೆ ಎರಡು ಸಲ ಕೈ ಕೊಡುತ್ತಿತ್ತು. ಒಂದು ಗ್ಯಾರೇಜಿನವರು ಬ್ಯಾಟರಿ ಬದಲಾಯಿಸಿ ಅಂದರು, ಇನ್ನೊಂದು ಗ್ಯಾರೇಜಿನವರು ಪೂರ್ತಿ ಹೊಸ ಸೆಲ್ಫ್ ಹಾಕಿ ಅಂದರು. ನಾವು ಐವರನ್ನೂ ಕೂರಿಸಿ, ಎರಡು ವಾರ ಏನನ್ನೂ ಬದಲಾಯಿಸದೆ ಬರೆಯೋಣ ಅಂದೆವು. ಎರಡು ವಾರದಲ್ಲಿ ಐದು ಸಲ ಕೈ ಕೊಟ್ಟಿತು. ಎರಡು ಸಲ ಎಂಜಿನ್ ತಣ್ಣಗಿತ್ತು, ಮೂರು ಸಲ ಬಿಸಿ. ಹಾಗಾದರೆ ಶಾಖಕ್ಕೂ ಇದಕ್ಕೂ ಸಂಬಂಧ ಇಲ್ಲ. ಐದು ಸಲವೂ ಲೈಟು ಪ್ರಕಾಶಮಾನ, ಐದು ಸಲವೂ ಒಂದೇ ಟಕ್. ನ್ಯೂಟ್ರಲ್‌ಗೆ ಹಾಕಿದರೂ ಅದೇ. ಐದಾರು ಸಲ ಕೀ ತಿರುಗಿಸಿದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್.

ಕೊನೆಯ ಸಲ ಕೈ ಕೊಟ್ಟಾಗ ಮೀಟರ್ ಹಿಡಿದೆವು. ಕೀ ತಿರುಗಿಸಿದಾಗಲೂ ಬ್ಯಾಟರಿ 12.5ರಲ್ಲೇ ನಿಂತಿತ್ತು. ಸೆಲ್ಫ್ ಮೋಟಾರ್ ನಿಜವಾಗಿ ಕರೆಂಟ್ ಎಳೆದಿದ್ದರೆ ಅದು ಇಳಿಯಬೇಕಿತ್ತು. ಬ್ಯಾಟರಿಯ ಮೈನಸ್ ಗೂಟಕ್ಕೂ ಎಂಜಿನ್ನಿನ ಲೋಹಕ್ಕೂ ನಡುವೆ ಅಳೆದರೆ ಸೊನ್ನೆಯ ಹತ್ತಿರ, ಅಂದರೆ ಅರ್ಥ್ ವಯರ್ ಸರಿ. ಸೆಲ್ಫ್ ಮೋಟಾರಿನ ದಪ್ಪ ವಯರಿಗೂ 12.5 ಬರುತ್ತಿತ್ತು, ಕೀಯಿಂದ ಬರುವ ಸಣ್ಣ ವಯರಿಗೂ ಕರೆಂಟ್ ಬರುತ್ತಿತ್ತು. ಬಾಗಿಲವರೆಗೆ ಎಲ್ಲಾ ಬಂದಿದೆ, ಒಳಗೆ ಹೋಗುತ್ತಿಲ್ಲ. ಈ ಪುಟವನ್ನು ಹಿಡಿದುಕೊಂಡು ಸನಾಯಿಯ್ಯಾದ ಒಬ್ಬ ಎಲೆಕ್ಟ್ರಿಷಿಯನ್ ಬಳಿ ಹೋದೆವು. ಅವರು ಸೆಲ್ಫ್ ಬಿಚ್ಚಿ ತೋರಿಸಿದರು. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಒಂದು ಬದಿ ಸುಟ್ಟು ಸವೆದಿತ್ತು. ಬಿಲ್ಲೆ ಬಂದು ಸವೆಯದ ಕಡೆ ತಾಗಿದರೆ ಸ್ಟಾರ್ಟ್, ಸವೆದ ಕಡೆ ತಾಗಿದರೆ ಬರೀ ಟಕ್. ಕೆಲವೊಮ್ಮೆ ಮಾತ್ರ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲಿತ್ತು. ಆ ಕಾಂಟ್ಯಾಕ್ಟ್ ಮಾತ್ರ ಬದಲಾಯಿಸಿದರು. ಹೊಸ ಸೆಲ್ಫಿಗೆ ಹೇಳಿದ ದರದ ಹತ್ತನೇ ಒಂದು ಪಾಲೂ ಆಗಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಅದೇ ಬ್ಯಾಟರಿಯಲ್ಲಿ ಕಾರು ಓಡುತ್ತಿದೆ.

ಮೆಕ್ಯಾನಿಕ್ ಬಳಿ ಹೋದಾಗ ‘ಸ್ಟಾರ್ಟಿಂಗ್ ಪ್ರಾಬ್ಲಮ್’ ಅಂತ ಹೇಳಿ ಕೀ ಕೊಟ್ಟು ಬರಬೇಡಿ. ಪುಸ್ತಕದ ಪುಟ ತೋರಿಸಿ. ಅರೆಬರೆ ಹಿಂದಿ, ಅರೆಬರೆ ಅರಬಿ ಸಾಕು. ಟಕ್ ಅನ್ನುವುದು ಎಲ್ಲಾ ಭಾಷೆಯಲ್ಲೂ ಟಕ್ಕೇ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ತೆಗೆದ ಹಳೆಯ ಸಾಮಾನು ಕೇಳಿ ತೆಗೆದುಕೊಳ್ಳಿ, ಬಿಲ್ಲು ಪಡೆಯಿರಿ, ತಾರೀಕು ಪುಸ್ತಕದಲ್ಲಿ ಬರೆಯಿರಿ.

ಊರಿಗೆ ರಜೆಯಲ್ಲಿ ಹೋಗುವವರಿಗೆ ಒಂದು ಮಾತು. ನಿಂತ ಕಾರು ಕೂಡ ಅಲಾರಂ, ಗಡಿಯಾರಕ್ಕೆ ಅಂತ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತದೆ. ಎರಡು ತಿಂಗಳು ನಿಂತರೆ ಬ್ಯಾಟರಿ ಬರಿದಾಗಬಹುದು. ನಂಬುವ ಒಬ್ಬರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ಅವರ ಹೆಸರಿನಲ್ಲಿ ಓಡಿಸುವ ಅನುಮತಿ ಇರಲಿ. ಅದಾಗದಿದ್ದರೆ ಮೈನಸ್ ಬಿಚ್ಚಿಟ್ಟು ಹೋಗಿ. ಫೈನಲ್ ಎಕ್ಸಿಟ್‌ನಲ್ಲಿ ಹೋಗುವವರಿಂದ ಕಾರು ಕೊಳ್ಳುವವರು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ ಇನ್ನೊಮ್ಮೆ ನೋಡಿ.

ಕೊನೆಗೆ, ದುಡ್ಡಿಗಿಂತ ದೊಡ್ಡ ವಿಷಯ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಷೇಧ ಹಾಕಿದೆ. ಆ ಹೊತ್ತಿನಲ್ಲಿ ಹೈವೇ ಬದಿ ಬಾನೆಟ್ ಎತ್ತಿ ನಿಂತು ರಿಪೇರಿ ಮಾಡುವುದು ಶೌರ್ಯವಲ್ಲ. ಅಪಾಯದ ದೀಪ ಹಾಕಿ, ರಸ್ತೆಯಿಂದ ದೂರ ನೆರಳಿಗೆ ಹೋಗಿ ಫೋನ್ ಮಾಡಿ. ಕಾರಿನಲ್ಲಿ ಯಾವಾಗಲೂ ನೀರು ಇರಲಿ. ಮಕ್ಕಳನ್ನು ಆಫ್ ಆದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ, ಸಹೋದರಿಯರು ಇದನ್ನು ನೆನಪಿಡಿ. ಜಂಪ್ ಕೇಬಲ್ ಹಾಕುವಾಗ ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಮೊದಲು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಬರುವ ಗ್ಯಾಸಿಗೆ ಕಿಡಿ ತಾಗಬಾರದು. ಸೆಲ್ಫ್ ಹೊಡೆಯುವಾಗ ಗೇರು ಪಾರ್ಕಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಫ್ಯಾನಿನ ಹತ್ತಿರ ಬೇಡ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಕಸರತ್ತು ಖಂಡಿತ ಬೇಡ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ವಯರ್ ಮುಟ್ಟಲೇಬೇಡಿ.

ಹೊರಗಡೆ ಮೇಜಿನ ಮೇಲೆ ಐದು ಕಾಲಂ ಗೆರೆ ಹಾಕಿದ ಪುಸ್ತಕಗಳನ್ನು ಇಟ್ಟಿದ್ದೇವೆ. ಕಾರಿಗೊಂದರಂತೆ ತೆಗೆದುಕೊಂಡು ಹೋಗಿ. ಪೆನ್ನನ್ನೂ ಅದರ ಜೊತೆಗೇ ಕಟ್ಟಿಡಿ. ಬೆಳಿಗ್ಗೆ ಐದು ಗಂಟೆಗೆ ಯಾರೂ ಪೆನ್ನು ಹುಡುಕುವುದಿಲ್ಲ. ಅಲ್ಲಾಹನು ನಮ್ಮೆಲ್ಲರ ದಾರಿಯನ್ನು ಸುರಕ್ಷಿತವಾಗಿಡಲಿ, ನಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ. ಆಮೀನ್.

ವಸ್ಸಲಾಮ್.