ಉದ್ರಿ ಪುಸ್ತಕ ಮತ್ತು ಕ್ರೆಡಿಟ್ ಕಾರ್ಡ್



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಾನು ಕಲಿತದ್ದು ಇದೇ ಶಾಲೆಯಲ್ಲಿ. ನಲವತ್ತು ವರ್ಷದವರೆಗೂ ಯಾರಲ್ಲೂ ಸಾಲ ಮಾಡಲಿಲ್ಲ. ಅದೇ ನನ್ನ ಹೆಮ್ಮೆ. ಆದರೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು, "ನೀವು ಹಿಂದೆ ಸಾಲ ತೀರಿಸಿದ ದಾಖಲೆಯೇ ಇಲ್ಲವಲ್ಲ ಸಾರ್" ಎಂದು ಅರ್ಜಿ ವಾಪಸು ಕೊಟ್ಟರು. ಮುಂಗಡ ಕೊಟ್ಟಿದ್ದ ನಿವೇಶನ ಕೈತಪ್ಪಿತು.

ನಮ್ಮೂರ ಅಂಗಡಿಯಲ್ಲಿ ಉದ್ರಿ ಪುಸ್ತಕವಿತ್ತು, ನೆನಪಿದೆಯಲ್ಲ? ಹೇಳಿದ ದಿನ ತೀರಿಸಿದವರಿಗೆ ಮದುವೆಯ ದಿನಸಿಯೂ ಉದ್ರಿ ಸಿಗುತ್ತಿತ್ತು. ಸಿಬಿಲ್ ಅಂಕವೂ ಅಂಥದೇ. ಅದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯದೆಂದು ಭಾವಿಸುತ್ತವೆ.

ನಾನು ನಿಶ್ಚಿತ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಪಡೆದೆ. ದಿನಸಿಗೆ, ಕರೆಂಟ್ ಬಿಲ್ಲಿಗೆ ಮಾತ್ರ ಬಳಸಿದೆ. ಮಿತಿಯ ಶೇ. 30 ದಾಟಲಿಲ್ಲ. ಪ್ರತಿ ತಿಂಗಳೂ ಗಡುವಿನೊಳಗೆ ಪೂರ್ತಿ ಹಣ ಕಟ್ಟಿದೆ. ಎರಡು ವರ್ಷದ ಮೇಲೆ ಅದೇ ಬ್ಯಾಂಕು ಸಾಲ ಕೊಟ್ಟಿತು.

ಆದರೆ ನನ್ನ ತಮ್ಮ ಬಿಲ್ಲಿನಲ್ಲಿದ್ದ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತ ಹೋದ. ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ ವರ್ಷಕ್ಕೆ ಶೇ. 42! ಕೊನೆಗೆ ಹೆಂಡತಿಯ ಬಳೆ ಮಾರಿ ತೀರಿಸಿದ.

ಇಲ್ಲಿರುವ ಮಕ್ಕಳಿಗೆ ಇಷ್ಟೇ ಹೇಳುತ್ತೇನೆ: ಮುಂದೆ ಕಾರ್ಡ್ ಪಡೆದರೆ, ಕೈಯಲ್ಲಿ ಹಣವಿರುವ ಖರ್ಚಿಗೆ ಮಾತ್ರ ಅದನ್ನು ಬಳಸಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಾಲ ವರದಿಯನ್ನು ತರಿಸಿ ನೋಡಿ. ಗುರುಗಳು ಕಲಿಸಿದ ಗಾದೆ ಕಾರ್ಡಿಗೂ ಸಲ್ಲುತ್ತದೆ.