ಲೂಪಸ್: ಔಷಧ ಯಾರ ಮೇಲೆ ಪರೀಕ್ಷೆ ಆಯ್ತು?

ವೈರಸ್ ಬಂದಾಗ ನಮ್ಮ ದೇಹ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಎಚ್ಚರಿಕೆ ಕೊಡುತ್ತೆ. ಅದರ ಮಾತು ಕೇಳಿ ಒಂದಷ್ಟು ಜೀನ್‌ಗಳು ಎದ್ದು ಕೂರ್ತವೆ. ಲೂಪಸ್ ಇರೋ ಬಹಳಷ್ಟು ಜನರಲ್ಲಿ ವೈರಸ್ಸೇ ಇಲ್ಲದಿದ್ರೂ ಆ ಜೀನ್‌ಗಳು ಮಲಗೋದೇ ಇಲ್ಲ. 2003ರಲ್ಲಿ ರೋಗಿಗಳ ರಕ್ತದಲ್ಲಿ ಇದು ಸ್ಪಷ್ಟವಾಗಿ ಕಾಣಿಸ್ತು.

ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಅಮೆರಿಕದಲ್ಲಿ ಕಪ್ಪುವರ್ಣೀಯ ಮಹಿಳೆಯರಿಗೆ ಇದು ಬಿಳಿಯರಿಗಿಂತ ಹೆಚ್ಚು ಬರುತ್ತೆ, ತೀವ್ರತೆಯೂ ಹೆಚ್ಚು. 2020ರ ಒಂದು ಅಧ್ಯಯನದಲ್ಲಿ ಆಫ್ರಿಕನ್ ಮೂಲದ ರೋಗಿಗಳಲ್ಲಿ ಬಿ ಕೋಶ, ಪ್ಲಾಸ್ಮಾ ಕೋಶಗಳ ಜೀನ್‌ಗಳು ಹೆಚ್ಚು ಚುರುಕಾಗಿದ್ದವು. ಯುರೋಪ್ ಮೂಲದವರಲ್ಲಿ ನ್ಯೂಟ್ರೋಫಿಲ್‌ನಂಥವು. ಎಲ್ಲಾ ಹುಟ್ಟಿನಿಂದಲೇ ಅಂದ್ಕೋಬೇಡಿ ಮತ್ತೆ, ಸ್ಟೀರಾಯ್ಡ್ ತಗೊಂಡ್ರೂ ಈ ಲೆಕ್ಕ ಬದಲಾಗುತ್ತೆ.

2011ರಲ್ಲಿ ಬೆಲಿಮುಮ್ಯಾಬ್ ಅನ್ನೋ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಬಿ ಕೋಶಗಳನ್ನ ತಗ್ಗಿಸೋ ಔಷಧ ಅದು. ಆಫ್ರಿಕನ್ ಮೂಲದವರಿಗೆ ಕೆಲಸ ಮಾಡಿದ ಹಾಗೆ ಕಾಣ್ಲಿಲ್ಲ ಅಂತ ಆವತ್ತು ಎಫ್‌ಡಿಎನೇ ಹೇಳ್ತು. ಖಚಿತವಾಗಿ ಹೇಳೋಕೂ ಆಗ್ಲಿಲ್ಲ, ಟ್ರಯಲ್‌ನಲ್ಲಿ ಅವರಿದ್ದಿದ್ದೇ ಕಮ್ಮಿ! ಕಾಯಿಲೆ ಹೆಚ್ಚು ಕಾಡೋದು ಇವರನ್ನೇ, ನೋಡಿ. ಕೊನೆಗೆ ಅವರಿಗಾಗಿಯೇ ಇನ್ನೊಂದು ಟ್ರಯಲ್ ಮಾಡಬೇಕಾಯ್ತು.